ಕೈಯಲ್ಲೇ ಹಿಡಿದು ಹುಳದ ಕ್ಲೋಸಪ್: ಕಣ್ಣು ಯಾಕೆ ಶಾರ್ಪ್ ಬರುತ್ತಿಲ್ಲ?

ಡೊಂಬಿವಲಿ_ಬಾಲ್ಕನಿ

ಎಲ್ಲರಿಗೂ ನಮಸ್ಕಾರ. ಹುಳುಗಳ ಕ್ಲೋಸಪ್ ತೆಗೆಯುವ ಹುಚ್ಚು ಹತ್ತಿಕೊಂಡಿದೆ. ಸೆಕೆಂಡ್ ಹ್ಯಾಂಡ್ ಕ್ಯಾನನ್ ಕ್ರಾಪ್ ಸೆನ್ಸರ್ (ಚಿಕ್ಕ ಸೆನ್ಸರ್) ಬಾಡಿ, 55-250 ಜೂಮ್ ಲೆನ್ಸ್, ಅದರ ಮೂತಿಗೆ ಸಿಕ್ಕಿಸುವ ರೇನಾಕ್ಸ್ ಡಿಸಿಆರ್-250 ಎಂಬ ಕ್ಲೋಸಪ್ ಕ್ಲಿಪ್ ಲೆನ್ಸ್. ನನ್ನ ಹತ್ತಿರ ಇರುವುದು ಇಷ್ಟೇ. ಕಾಡಿಗೆಲ್ಲ ಹೋಗಲು ಆಗುವುದಿಲ್ಲ. ಲೋಕಲ್ ರೈಲು ಹಿಡಿಯುವ ಮೊದಲು ಸೊಸೈಟಿ ಗಾರ್ಡನ್‌ನಲ್ಲಿ ಸ್ವಲ್ಪ ಹೊತ್ತು, ರಜೆ ಇದ್ದರೆ ಬಾಲ್ಕನಿಯ ಕುಂಡಗಳಲ್ಲಿ.

ತೊಂದರೆ ಏನಂದ್ರೆ, ಕಣ್ಣು ಶಾರ್ಪ್ ಬರುವುದೇ ಇಲ್ಲ. ಬೆನ್ನಿನ ಕೂದಲು ಎಣಿಸಬಹುದು, ಮುಖ ಮಾತ್ರ ಮಂಜು. ಇಲ್ಲವಾದರೆ ಹುಳ ಪೂರ್ತಿ ಮಂಜು, ಹಿಂದಿನ ಎಲೆ ಶಾರ್ಪ್. ಆಟೋ ಫೋಕಸ್ ಗಿರಗಿರ ಅಂತ ಹುಡುಕುತ್ತಲೇ ಇರುತ್ತದೆ, ಅಷ್ಟರಲ್ಲಿ ಹುಳ ಎಲೆಯ ಕೆಳಗೆ. ಟ್ರೈಪಾಡ್ ಬಿಡಿಸುವಷ್ಟು ಹೊತ್ತು ಯಾವ ಹುಳವೂ ಕಾಯುವುದಿಲ್ಲ. ಕ್ಯಾಮೆರಾದ ಫ್ಲ್ಯಾಶ್ ಹಾಕಿದರೆ ಜೀರುಂಡೆಯ ಬೆನ್ನ ಮೇಲೆ ಬಿಳಿ ಚುಕ್ಕೆ, ಕೆಳಗಡೆ ಲೆನ್ಸಿನದೇ ನೆರಳು.

ಮಾವಿನ ಮರದ ಕೆಳಗಿನ ಗಿಡದಲ್ಲಿ ಸಿಕ್ಕ ಒಂದು ಕೆಂಪಿರುವೆಯ ಫೋಟೋ ಹಾಕಿದ್ದೇನೆ. ಬಾಯಲ್ಲಿ ಇನ್ನೊಂದು ಇರುವೆಯನ್ನು ಹೊತ್ತುಕೊಂಡಿದೆ ಅಂತ ಕಾಣುತ್ತದೆ. ಎಷ್ಟು ಒಳ್ಳೆಯ ಸಂದರ್ಭ, ಆದರೆ ಫೋಕಸ್ ಇಲ್ಲ. ಕೈಯಲ್ಲಿ ಹಿಡಿದೇ ಇದನ್ನೆಲ್ಲ ತೆಗೆಯಲು ಆಗುತ್ತದಾ? ಅಥವಾ ತೀರ ಹತ್ತಿರದಿಂದ ತೆಗೆಯಲೆಂದೇ ಇರುವ 100 ಎಂಎಂ ಮ್ಯಾಕ್ರೋ ಲೆನ್ಸ್‌ಗೆ ದುಡ್ಡು ಕೂಡಿಸಲೇಬೇಕಾ?

ಫೋರ್ಟ್_ಗಲ್ಲಿ

ಮ್ಯಾಕ್ರೋ ಲೆನ್ಸ್ ತಗೊಳ್ಳಿ. ಕ್ಲಿಪ್ ಹಾಕಿಕೊಂಡು ಒದ್ದಾಡಿ ಪ್ರಯೋಜನ ಇಲ್ಲ.

ತಾಳ್ಜಾಯ್_ನಡಿಗೆ

ಈಗಲೇ ಲೆನ್ಸ್ ತಗೊಳ್ಳಬೇಡಿ. ಮೊದಲು ಆಟೋ ಫೋಕಸ್ ಬಂದ್ ಮಾಡಿ.

250ಕ್ಕೆ ಜೂಮ್ ಮಾಡಿ ರೇನಾಕ್ಸ್ ಹಾಕಿದರೆ ಸುಮಾರು 2:1 ಸಿಗುತ್ತದೆ. 5 ಮಿಲಿಮೀಟರ್ ಹುಳ ಸೆನ್ಸರ್ ಮೇಲೆ 10 ಮಿಲಿಮೀಟರ್ ಆಗಿ ಬೀಳುತ್ತದೆ. ಅಷ್ಟು ದೊಡ್ಡದು ಮಾಡಿದಾಗ ಲೆನ್ಸಿನ ತೂತು ಸಣ್ಣದು ಮಾಡಿ ಎಫ್/11 ಇಟ್ಟರೂ ಶಾರ್ಪ್ ಇರುವ ಜಾಗ ಅರ್ಧ ಮಿಲಿಮೀಟರ್‌ಗಿಂತ ಕಡಿಮೆ. ನೀವು ಉಸಿರು ಬಿಟ್ಟರೆ ಸಾಕು, ಫೋಕಸ್ ಕಣ್ಣಿನಿಂದ ಬೆನ್ನಿಗೆ ಜಾರಿರುತ್ತದೆ. ಕಲಿಯುವಾಗ ಯಾಕೆ ಇಷ್ಟು ಕಷ್ಟ? ಜೂಮ್ 125ರ ಹತ್ತಿರ ಇಡಿ, 1:1 ಬರುತ್ತದೆ. ಇನ್ನೂ ಹಿಂದಕ್ಕೆ ತಂದರೆ ಇನ್ನೂ ಸುಲಭ. ಮೂಲೆ ಕಪ್ಪಾದರೆ ಸ್ವಲ್ಪ ಮುಂದೆ ತನ್ನಿ, ಅಷ್ಟೇ.

ಆಮೇಲೆ ಲೆನ್ಸ್ ಮ್ಯಾನುವಲ್‌ಗೆ ಹಾಕಿ, ಫೋಕಸ್ ರಿಂಗ್ ಇನ್ಫಿನಿಟಿಯಲ್ಲಿ (ಅತಿ ದೂರದ ಗುರುತಿನಲ್ಲಿ) ಬಿಟ್ಟುಬಿಡಿ. ಮತ್ತೆ ಮುಟ್ಟಬೇಡಿ. ಆಗ ಕ್ಲಿಪ್‌ನ ಮುಂದೆ ಸುಮಾರು 12 ಸೆಂಟಿಮೀಟರ್ ದೂರದಲ್ಲಿ ಏನಿದೆಯೋ ಅದು ಮಾತ್ರ ಶಾರ್ಪ್. ಫೋಕಸ್ ಮಾಡುವುದು ನಿಮ್ಮ ಮೈ, ರಿಂಗ್ ಅಲ್ಲ. ಮೊಣಕೈ ಎರಡೂ ಪಕ್ಕೆಲುಬಿಗೆ ಒತ್ತಿಕೊಳ್ಳಿ, ಒಂದು ಮಂಡಿ ನೆಲಕ್ಕೆ ಊರಿ. ಮೈಯನ್ನು ನಿಧಾನ ಮುಂದಕ್ಕೆ ವಾಲಿಸಿ. ವ್ಯೂಫೈಂಡರ್‌ನಲ್ಲಿ ಮೊದಲು ಮೀಸೆ ಶಾರ್ಪ್ ಆಗುತ್ತದೆ, ಆಮೇಲೆ ಮುಖ, ಆಮೇಲೆ ಕಣ್ಣು. ಕಣ್ಣು ಬರುವ ಹೊತ್ತಿಗೇ ಒತ್ತಿ. ಬಂದ ಮೇಲೆ ಒತ್ತೋಣ ಅಂದ್ರೆ ತಡವಾಗಿರುತ್ತದೆ.

ಇನ್ನೊಂದು ಉಪಾಯ, ನನಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು. ಹುಳ ಕೂತ ಕಡ್ಡಿಯನ್ನು ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳಲ್ಲಿ ಮೆಲ್ಲಗೆ ಹಿಡಿಯಿರಿ. ಅದೇ ಎಡಗೈ ಮೇಲೆ ಲೆನ್ಸ್ ಕೂರಿಸಿ. ಈಗ ಗಾಳಿ ಬಂದರೂ ಕೈ ನಡುಗಿದರೂ ಹುಳ ಮತ್ತು ಲೆನ್ಸ್ ಒಟ್ಟಿಗೇ ಅಲ್ಲಾಡುತ್ತವೆ. ನಡುವಿನ ದೂರ ಬದಲಾಗುವುದಿಲ್ಲ.

ಕೊತ್ರೂಡ್_ಹುಬ್ಬಳ್ಳಿ

ನಡಿಗೆ ಸರ್ ಹೇಳಿದ ಎಡಗೈ ಉಪಾಯ ನಿಜವಾಗಲೂ ಕೆಲಸ ಮಾಡುತ್ತದೆ ರೀ. ಆದರೆ ಕಡ್ಡಿ ಹಿಡಿಯುವಾಗ ಎಲೆ ಅಲ್ಲಾಡಿಸಬೇಡಿ, ದೂರದಿಂದಲೇ ಕೈಯನ್ನು ನಿಧಾನ ತನ್ನಿ. ನೆರಳು ಹುಳದ ಮೇಲೆ ಬಿತ್ತೋ, ಹಾರಿಹೋಯಿತು.

ಎಂಟು_ಕಾಲು

ಬಾಲ್ಕನಿಯವರೇ, ನಿಮ್ಮ ಫೋಟೋ ಜೂಮ್ ಮಾಡಿ ನೋಡಿದೆ. ಅದು ಇರುವೆ ಅಲ್ಲ, ಜೇಡ! ಕಾಲು ಎಣಿಸಿ, ಎಂಟಿವೆ. ಮುಂದಿನ ಎರಡು ಕಾಲನ್ನು ಎತ್ತಿ ಇರುವೆಯ ಮೀಸೆಯ ಹಾಗೆ ಆಡಿಸುತ್ತದೆ. ಸೊಂಟವೂ ಇರುವೆಯದರಂತೆ ಸಪೂರ. ಬಾಯಲ್ಲಿ ಹೊತ್ತ ಇನ್ನೊಂದು ಇರುವೆ ಅಂದಿರಲ್ಲ, ಅದು ಅದರ ದವಡೆ. ಗಂಡಿಗೆ ದವಡೆ ಮುಂದಕ್ಕೆ ಉದ್ದ ಚಾಚಿರುತ್ತದೆ, ತುದಿಯಲ್ಲಿ ಕಪ್ಪು. ನೋಡಿದವರಿಗೆ ಒಂದು ಕೆಂಪಿರುವೆ ಇನ್ನೊಂದನ್ನು ಹೊತ್ತು ಹೋಗುತ್ತಿದೆ ಅನ್ನಿಸುತ್ತದೆ. ಹೆಸರು ಮಿರ್ಮಪ್ಲಾಟಾ ಪ್ಲಾಟಾಲಿಯಾಯ್ಡಿಸ್. ಎಲೆ ಹೊಲಿದು ಗೂಡು ಕಟ್ಟುವ ಕೆಂಪಿರುವೆ ಇರುವ ಮರದ ಹತ್ತಿರವೇ ಇರುತ್ತದೆ. ಆ ಇರುವೆಗಳ ತಂಟೆಗೆ ಹಕ್ಕಿಗಳೂ ಬೇಗ ಹೋಗುವುದಿಲ್ಲ, ಅದಕ್ಕೇ ಈ ವೇಷ.

ಮತ್ತೆ ಹುಡುಕಿ, ಅದೇ ಮರದಲ್ಲಿ ಸಿಗುತ್ತದೆ. ತೆಗೆಯುವಾಗ ಎದುರಿನಿಂದ ತೆಗೆಯಿರಿ. ಇದು ಹಾರುವ ಜೇಡ, ಅಂದ್ರೆ ಜಿಗಿಯುವ ಜಾತಿಯದು. ಇಂಥ ಜೇಡಗಳ ಮುಂದಿನ ಎರಡು ಕಣ್ಣು ದೊಡ್ಡವು, ಇರುವೆಗೆ ಅಂಥ ಕಣ್ಣಿಲ್ಲ. ಆ ಕಣ್ಣು ಶಾರ್ಪ್ ಬಂದರೆ ಗುಟ್ಟು ಬಯಲಾಗುತ್ತದೆ.

ಡೊಂಬಿವಲಿ_ಬಾಲ್ಕನಿ

ಜೇಡವಾ! ಮೈ ಜುಮ್ ಅಂತು. ನಮ್ಮ ಮಾವಿನ ಮರದ ತುಂಬ ಕೆಂಪಿರುವೆ ಗೂಡಿದೆ.

ಫೋರ್ಟ್_ಗಲ್ಲಿ

ಚರ್ಚೆ ಹುಳುಗಳ ಬಗ್ಗೆ ಅಲ್ವಾ? ಜೇಡ ಹುಳ ಅಲ್ಲ, ಕೀಟ ಅಲ್ಲ. ಕೀಟಕ್ಕೆ ಆರು ಕಾಲು.

ಎಂಟು_ಕಾಲು

ಗೊತ್ತು ಅಣ್ಣಾ. ಆದರೆ ಕ್ಲೋಸಪ್ ಕಲಿಯುವವರಿಗೆ ಹಾರುವ ಜೇಡಕ್ಕಿಂತ ಒಳ್ಳೆಯ ಗುರು ಇಲ್ಲ. ಮನೆಯ ಗೋಡೆ ಮೇಲೇ ಸಿಗುತ್ತದೆ, ತಿರುಗಿ ನಿಮ್ಮನ್ನೇ ನೋಡುತ್ತದೆ. ಕಣ್ಣು ಎದುರಿಗೇ ಇರುವುದರಿಂದ ಎಲ್ಲಿ ಫೋಕಸ್ ಮಾಡಬೇಕು ಎಂಬ ಗೊಂದಲವೇ ಇಲ್ಲ.

ನಮ್ಮ ಠಾಣೆ ಕಡೆಯದೇ ಒಂದು ಹಾರುವ ಜೇಡಕ್ಕೆ 2021ರಲ್ಲಿ ಇಸಿಯಸ್ ತುಕಾರಾಮಿ ಎಂದು ಹೆಸರಿಟ್ಟರು. 26/11ರ ದಾಳಿಯಲ್ಲಿ ಕಸಬ್‌ನ ಬಂದೂಕನ್ನು ಬರಿಗೈಯಲ್ಲಿ ಹಿಡಿದು ಪ್ರಾಣ ಕೊಟ್ಟ ತುಕಾರಾಮ್ ಓಂಬಳೆ ಅವರ ನೆನಪಿಗೆ. ಇಂಥ ಜೀವಿ ನಮ್ಮ ಊರಿನ ಪೊದೆಗಳಲ್ಲಿ ಓಡಾಡುತ್ತಿದೆ ಅನ್ನುವುದೇ ನನಗೆ ದೊಡ್ಡ ವಿಷಯ.

ಮಾಟುಂಗದ_ಅತ್ತೆ

ಓಂಬಳೆಯವರ ಹೆಸರು ಓದಿ ಕಣ್ಣು ತುಂಬಿ ಬಂತು. ಒಳ್ಳೆಯ ಕೆಲಸ ಮಾಡಿದ್ದಾರೆ.

ನನ್ನ ಹತ್ತಿರ ಕ್ಯಾಮೆರಾ ಇಲ್ಲ, ಫೋನ್ ಮಾತ್ರ. ಕುಂಡದ ಕರಿಬೇವಿನಲ್ಲಿ ಹಕ್ಕಿ ಹಿಕ್ಕೆಯ ಹಾಗೆ ಕಪ್ಪು ಬಿಳಿ ಹುಳ ಇತ್ತು, ಈಗ ಹಸಿರಾಗಿದೆ. ಫೋನಲ್ಲಿ ತೆಗೆಯಬಹುದಾ?

ಪೊಂಡಾ_ತೋಟ

ತೆಗೆಯಬಹುದು ಮಾರಾಯ್ರೇ, ಅಡ್ಡಿಯೇ ಇಲ್ಲ. ಅದು ನಿಂಬೆ ಚಿಟ್ಟೆಯ ಮರಿಯೋ ಕಾಮನ್ ಮಾರ್ಮನ್ ಮರಿಯೋ ಇರಬೇಕು, ಎರಡೂ ಕರಿಬೇವು ತಿನ್ನುತ್ತವೆ. ಚಿಕ್ಕದಿರುವಾಗ ಹಿಕ್ಕೆಯ ವೇಷ, ದೊಡ್ಡದಾದ ಮೇಲೆ ಎಲೆಯ ಬಣ್ಣ. ಮೆಲ್ಲಗೆ ಕಡ್ಡಿ ತಾಗಿಸಿದರೆ ತಲೆಯ ಹಿಂದಿನಿಂದ ಕೆಂಪು ಕವಲು ಹೊರಗೆ ಬರುತ್ತದೆ, ಘಾಟು ವಾಸನೆ ಬಿಡುತ್ತದೆ. ಸುಮ್ನೆ ಪದೇ ಪದೇ ಮಾಡಿಸಬೇಡಿ, ಅದಕ್ಕೆ ಅದು ಹೆದರಿಕೆ.

ಫೋನಲ್ಲಿ ಎರಡು ವಿಷಯ. ತೀರ ಹತ್ತಿರ ಹೋದರೆ ಫೋನೇ ಬೆಳಕು ತಡೆಯುತ್ತದೆ, ಬೆಳಕು ಪಕ್ಕದಿಂದ ಬರುವ ಹಾಗೆ ನಿಲ್ಲಿ. ಮರಿ ತಿನ್ನುವುದನ್ನು ನಿಲ್ಲಿಸಿ ವಿಶ್ರಾಂತಿ ತೆಗೆದುಕೊಳ್ಳುವಾಗ ತೆಗೆಯಿರಿ. ಆಗ ಅಲುಗಾಡುವುದಿಲ್ಲ.

ಮಾಟುಂಗದ_ಅತ್ತೆ

ಸಂತೋಷ. ಎಲೆಯೆಲ್ಲ ತಿಂದು ಹಾಕಿದೆ ಅಂತ ಮಾಲಿಗೆ ಔಷಧಿ ಹೊಡೆಯಲು ಹೇಳೋಣ ಅಂತಿದ್ದೆ. ಈಗ ಬೇಡ ಅನ್ನಿಸುತ್ತಿದೆ.

ಎಂಟು_ಕಾಲು

ದಯವಿಟ್ಟು ಬೇಡ ಅತ್ತೆ. ಗಿಡ ಮತ್ತೆ ಚಿಗುರುತ್ತದೆ. ಇದು ನನಗೆ ತುಂಬ ಬೇಸರದ ವಿಷಯ. ಎಷ್ಟೋ ಸೊಸೈಟಿಗಳಲ್ಲಿ ಒಂದು ತೂತು ಎಲೆ ಕಂಡರೆ ಸಾಕು, ಇಡೀ ಗಾರ್ಡನ್‌ಗೆ ಸ್ಪ್ರೇ. ಆಮೇಲೆ ಚಿಟ್ಟೆ ಯಾಕೆ ಬರುವುದಿಲ್ಲ ಅಂತ ಕೇಳುತ್ತಾರೆ. ಎಕ್ಕದ ಗಿಡ ಕಿತ್ತರೆ ಪ್ಲೇನ್ ಟೈಗರ್ ಚಿಟ್ಟೆ ಹೋಯಿತು. ಕಣಗಿಲೆ ಕಡಿದರೆ ಕಾಮನ್ ಕ್ರೋ ಚಿಟ್ಟೆ ಹೋಯಿತು. ಫೋಟೋ ತೆಗೆಯುವ ನಾವೇ ಇದನ್ನು ಹೇಳದಿದ್ದರೆ ಇನ್ಯಾರು ಹೇಳುತ್ತಾರೆ?

ಕೊತ್ರೂಡ್_ಹುಬ್ಬಳ್ಳಿ

ಮತ್ತೆ ಫೋಟೋಗೆ ಬರೋಣ. ನನ್ನ ಮಾತು ಏನಂದ್ರೆ ಫ್ಲ್ಯಾಶ್ ಬೇಡವೇ ಬೇಡ. ಬೆಳಗಿನ ಬಿಸಿಲಿನಲ್ಲಿ ಬರುವ ಬಣ್ಣ ಫ್ಲ್ಯಾಶ್‌ನಲ್ಲಿ ಬರುವುದಿಲ್ಲ. ಪುಣೆಯ ವೇತಾಳ ಟೇಕಡಿಗೆ (ಗುಡ್ಡಕ್ಕೆ) ಚಳಿಗಾಲದಲ್ಲಿ ಸೂರ್ಯ ಹುಟ್ಟುವ ಮೊದಲೇ ಹೋಗಿ ನೋಡಿ. ಹುಲ್ಲಿನ ತುದಿಯಲ್ಲಿ ಸೂಜಿ ಹುಳ (ಡ್ಯಾಮ್ಸೆಲ್‌ಫ್ಲೈ) ಇಬ್ಬನಿ ಹೊತ್ತು ಕೂತಿರುತ್ತದೆ. ಮೈ ಬಿಸಿ ಆಗುವವರೆಗೆ ಹಾರುವುದಿಲ್ಲ. ಎಫ್/5.6 ಇಟ್ಟು, ಐಎಸ್‌ಒ (ಸೆನ್ಸರ್ ಬೆಳಕಿಗೆ ಸ್ಪಂದಿಸುವ ಮಟ್ಟ) ಏರಿಸಿ ಆರಾಮಾಗಿ ತೆಗೆಯಬಹುದು.

ತಾಳ್ಜಾಯ್_ನಡಿಗೆ

ಇಬ್ಬನಿಯಲ್ಲಿ ಕೂತ ಹುಳಕ್ಕೆ ನೀವು ಹೇಳಿದ್ದು ಸರಿ. ಆದರೆ ಬಾಲ್ಕನಿಯವರು ತೆಗೆಯುತ್ತಿರುವುದು ಓಡುವ ಇರುವೆ, ಜೇಡ. ಅದೂ ಕಟ್ಟಡದ ನೆರಳಲ್ಲಿ. ಎಫ್/11 ಇಟ್ಟರೆ ಬೆಳಕು ಸಾಲದು, ಶಟರ್ 1/30 ಸೆಕೆಂಡಿಗೆ ಇಳಿಯುತ್ತದೆ. 1:1ರಲ್ಲಿ ಕೈಯಲ್ಲಿ ಹಿಡಿದು 1/30 ಅಂದ್ರೆ ಮಂಜು ಖಂಡಿತ.

ಫ್ಲ್ಯಾಶ್ ಹಾಕುವುದು ಬರೀ ಬೆಳಕಿಗಲ್ಲ. ಕಡಿಮೆ ಪವರ್‌ನಲ್ಲಿ ಫ್ಲ್ಯಾಶ್ ಮಿಂಚುವುದು ಸೆಕೆಂಡಿನ ಸಾವಿರಾರು ಭಾಗದಲ್ಲಿ ಒಂದು ಭಾಗ ಮಾತ್ರ. ಶಟರ್ 1/200, ಎಫ್/11, ಐಎಸ್‌ಒ 100 ಇಟ್ಟಾಗ ನೆರಳಿನಲ್ಲಿ ಸುತ್ತಲ ಬೆಳಕು ಫೋಟೋಗೆ ಸೇರುವುದೇ ಇಲ್ಲ. ಎಲ್ಲ ಬೆಳಕೂ ಆ ಮಿಂಚಿನದೇ. ಕೈ ಎಷ್ಟೇ ನಡುಗಲಿ, ಆ ಒಂದು ಕ್ಷಣದಲ್ಲಿ ಎಲ್ಲ ನಿಂತಿರುತ್ತದೆ. ಕೈಯಲ್ಲಿ ಹಿಡಿದು ತೆಗೆಯುವವರಿಗೆ ಟ್ರೈಪಾಡ್‌ನ ಕೆಲಸ ಮಾಡುವುದು ಫ್ಲ್ಯಾಶೇ.

ಕೊತ್ರೂಡ್_ಹುಬ್ಬಳ್ಳಿ

ಸರಿ, ಆದರೆ ಹಿಂದೆ ಎಲ್ಲ ಕಪ್ಪು ಬರುತ್ತದಲ್ಲ? ಹಗಲು ಹೊತ್ತಿನ ಚಿಟ್ಟೆ ರಾತ್ರಿ ತೆಗೆದ ಹಾಗಿರುತ್ತದೆ. ಅದೇ ನನ್ನ ತಕರಾರು.

ತಾಳ್ಜಾಯ್_ನಡಿಗೆ

ಅದಕ್ಕೆ ಪರಿಹಾರ ಇದೆ. ಫ್ಲ್ಯಾಶ್ ಬೆಳಕು ದೂರ ಹೋದಂತೆ ಬೇಗ ಕಡಿಮೆಯಾಗುತ್ತದೆ, ಎರಡು ಪಟ್ಟು ದೂರಕ್ಕೆ ನಾಲ್ಕರಲ್ಲಿ ಒಂದು ಪಾಲು. ಹುಳದ ಹಿಂದೆ ಗಿಡ ದೂರ ಇದ್ದರೆ ಅಲ್ಲಿ ಕತ್ತಲು. ಐಎಸ್‌ಒ 400 ಅಥವಾ 800ಕ್ಕೆ ಏರಿಸಿ, ಸುತ್ತಲ ಬೆಳಕೂ ಸ್ವಲ್ಪ ಸೇರುತ್ತದೆ. ಇಲ್ಲವಾದರೆ ಹಿಂದೆ ಹತ್ತಿರದಲ್ಲೇ ಎಲೆ ಇರುವ ಕಡೆಯಿಂದ ತೆಗೆಯಿರಿ. ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ಸಾಕಾಗುತ್ತದೆ.

ಡೊಂಬಿವಲಿ_ಬಾಲ್ಕನಿ

ಬಿಳಿ ಚುಕ್ಕೆಗೆ ಏನು ಮಾಡಲಿ? ಇನ್ನು, ಎಫ್/11ರ ಬದಲು ಎಫ್/32 ಇಟ್ಟರೆ ಪೂರ್ತಿ ಹುಳ ಶಾರ್ಪ್ ಆಗುವುದಿಲ್ಲವಾ?

ಪೊಂಡಾ_ತೋಟ

ಎಫ್/32 ಬೇಡ. ತೂತು ಅಷ್ಟು ಸಣ್ಣದಾದರೆ ಬೆಳಕು ಅಂಚಿನಲ್ಲಿ ಹರಡಿಕೊಳ್ಳುತ್ತದೆ, ಇಡೀ ಫೋಟೋ ಮೊಂಡಾಗುತ್ತದೆ. ಎಫ್/8ರಿಂದ 11ರ ಒಳಗೆ ಇರಿ. ಅದರ ಬದಲು ಕೋನ ಬದಲಿಸಿ. ಹುಳ ಉದ್ದಕ್ಕೆ ಹೇಗೆ ಮಲಗಿದೆಯೋ ಅದಕ್ಕೆ ಸರಿಯಾಗಿ ಕ್ಯಾಮೆರಾದ ಹಿಂಭಾಗ ಸಮಾನಾಂತರ ಇರಲಿ. ಆಗ ತಲೆಯಿಂದ ಬಾಲದವರೆಗೆ ಒಂದೇ ದೂರ.

ಬಿಳಿ ಚುಕ್ಕೆಗೆ ಕಾರಣ ಫ್ಲ್ಯಾಶ್ ಚಿಕ್ಕದು. ಜೀರುಂಡೆಯ ಬೆನ್ನು ಕನ್ನಡಿ, ಬೆಳಕಿನ ಆಕಾರವನ್ನೇ ತೋರಿಸುತ್ತದೆ. ಬೆಳಕನ್ನು ದೊಡ್ಡದು ಮಾಡಿ, ಹುಳದ ಹತ್ತಿರ ತನ್ನಿ. ಟಿವಿ, ಮಿಕ್ಸರ್ ಪ್ಯಾಕಿಂಗ್‌ನಲ್ಲಿ ಬಿಳಿ ತೆಳು ಫೋಮ್ ಹಾಳೆ ಬರುತ್ತದಲ್ಲ, ಅದು ಚೆನ್ನ. ಫ್ಲ್ಯಾಶ್‌ನಿಂದ ಶುರುವಾಗಿ ಲೆನ್ಸ್‌ನ ಮೂತಿ ದಾಟಿ ಸ್ವಲ್ಪ ಮುಂದಕ್ಕೆ ಬಾಗಿ ಇಳಿಯುವ ಹಾಗೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿ. ಚಿಪ್ಸ್ ಬರುವ ಉದ್ದ ಡಬ್ಬದ ತುದಿಗೆ ಟ್ರೇಸಿಂಗ್ ಪೇಪರ್ ಅಂಟಿಸಿ ಕ್ಯಾಮೆರಾದ ಫ್ಲ್ಯಾಶ್‌ಗೆ ಸಿಕ್ಕಿಸುವವರೂ ಇದ್ದಾರೆ. ಅದರಿಂದ ಲೆನ್ಸಿನ ನೆರಳೂ ಹೋಗುತ್ತದೆ.

ಫೋರ್ಟ್_ಗಲ್ಲಿ

ಇಷ್ಟೆಲ್ಲ ಫೋಮ್, ಡಬ್ಬ, ರಬ್ಬರ್ ಬ್ಯಾಂಡ್. ನಾನು ಇನ್ನೂ ಹೇಳುತ್ತೇನೆ, ಒಳ್ಳೆಯ ಲೆನ್ಸ್ ಒಳ್ಳೆಯ ಲೆನ್ಸೇ. 90 ಅಥವಾ 100 ಎಂಎಂ ಮ್ಯಾಕ್ರೋದಲ್ಲಿ ದೂರದಿಂದ ಹತ್ತಿರದವರೆಗೆ ಎಲ್ಲ ಫೋಕಸ್ ಆಗುತ್ತದೆ. ರೇನಾಕ್ಸ್ ಹಾಕಿದಾಗ ಆ 12 ಸೆಂಟಿಮೀಟರ್ ಬಿಟ್ಟರೆ ಬೇರೆಲ್ಲೂ ಇಲ್ಲ. ಚಿಟ್ಟೆ ತೆಗೆಯುವುದು ಹೇಗೆ? ಮುಂಬೈನ ಸಿಎಸ್‌ಎಂಟಿ ನಿಲ್ದಾಣದ ಎದುರು ಬೋರಾ ಬಜಾರ್‌ನಲ್ಲಿ ಹಳೆಯ ಲೆನ್ಸ್ ಸಿಗುತ್ತವೆ. ತಗೊಳ್ಳುವ ಮುಂಚೆ ಹಿಂದಿನಿಂದ ಟಾರ್ಚ್ ಬಿಟ್ಟು ಒಳಗೆ ಜೇಡರ ಬಲೆಯಂಥ ಫಂಗಸ್ ಇದೆಯಾ ನೋಡಿ.

ತಾಳ್ಜಾಯ್_ನಡಿಗೆ

ಚಿಟ್ಟೆಗೆ ರೇನಾಕ್ಸ್ ಬಿಚ್ಚಿಡಿ ಅಣ್ಣಾ. 250ರಲ್ಲಿ ಸುಮಾರು ಒಂದು ಮೀಟರ್ ದೂರದಿಂದ ಚಿಟ್ಟೆ ತುಂಬ ಚೆನ್ನಾಗಿ ಬರುತ್ತದೆ. ಲೆನ್ಸ್ ಬೇಡ ಅಂತಲ್ಲ. ಆದರೆ ಬೆಳಕು ಸರಿ ಮಾಡದೆ ಲೆನ್ಸ್ ಬದಲಿಸಿದರೆ ಅದೇ ಬಿಳಿ ಚುಕ್ಕೆ ಇನ್ನೂ ಶಾರ್ಪ್ ಆಗಿ ಬರುತ್ತದೆ.

ಫೋರ್ಟ್_ಗಲ್ಲಿ

ಅದು ಒಪ್ಪಿದೆ.

ಪೊಂಡಾ_ತೋಟ

ಚಿಟ್ಟೆ ಅಂದಿರಿ. ನಮ್ಮ ಗೋವಾದ ರಾಜ್ಯ ಚಿಟ್ಟೆ ಮಲಬಾರ್ ಟ್ರೀ ನಿಂಫ್. ಮೊಲೆಮ್ ಕಾಡಿನಲ್ಲಿ ಬಿಳಿ ಕಾಗದ ತೇಲಿದಂತೆ ನಿಧಾನ ಹಾರುತ್ತದೆ, ನೋಡಲು ಎರಡು ಕಣ್ಣು ಸಾಲದು.

ಕೊತ್ರೂಡ್_ಹುಬ್ಬಳ್ಳಿ

ರಾಜ್ಯಕ್ಕೊಂದು ಚಿಟ್ಟೆ ಅಂತ ಮೊದಲು ಘೋಷಿಸಿದ್ದು ಮಹಾರಾಷ್ಟ್ರ ರೀ, 2015ರಲ್ಲಿ, ಬ್ಲೂ ಮಾರ್ಮನ್. ನಮ್ಮ ಕರ್ನಾಟಕದ್ದು ಸದರ್ನ್ ಬರ್ಡ್‌ವಿಂಗ್. ಗಾತ್ರದಲ್ಲಿ ನಮ್ಮದೇ ಮುಂದೆ!

ವಸಾಯಿ_ಹೊಸಬ

ನಾನೂ ಹೊಸಬ. ಹುಳವನ್ನು ಫ್ರಿಜ್‌ನಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಅಲ್ಲಾಡುವುದಿಲ್ಲ, ಆರಾಮಾಗಿ ತೆಗೆಯಬಹುದು ಅಂತ ಒಂದು ವಿಡಿಯೋದಲ್ಲಿ ನೋಡಿದೆ. ಟ್ರೈ ಮಾಡಬಹುದಾ?

ಎಂಟು_ಕಾಲು

ಬೇಡ. ದಯವಿಟ್ಟು ಬೇಡ.

ಪೊಂಡಾ_ತೋಟ

ತಮ್ಮಾ, ಹಾಗೆ ಮಾಡಿದರೆ ಹುಳ ಸಾಯಬಹುದು. ಸಾಯದಿದ್ದರೂ ಕಾಲು ಮಡಚಿ, ಮೀಸೆ ಜೋತು ಬಿದ್ದಿರುತ್ತದೆ. ಹುಳ ಗೊತ್ತಿರುವವರಿಗೆ ಫೋಟೋ ನೋಡಿದ ಕೂಡಲೇ ತಿಳಿಯುತ್ತದೆ. ಬೊರಿವಲಿ ನ್ಯಾಷನಲ್ ಪಾರ್ಕ್‌ನಂಥ ಕಡೆ ಹುಳ ಹಿಡಿದು ತರುವುದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ತಪ್ಪೂ ಹೌದು.

ಅಲ್ಲಾಡದ ಹುಳ ಬೇಕಾದರೆ ಸಂಜೆ ಹೊತ್ತು ಹುಡುಕು. ನಮ್ಮ ತೋಟದ ತುಳಸಿ ಕಟ್ಟೆ ಹತ್ತಿರ ನೀಲಿ ಪಟ್ಟಿಯ ಜೇನು ಮಲಗಲು ಬರುತ್ತವೆ. ಗೂಡು ಕಟ್ಟುವ ಜೇನಲ್ಲ ಇದು, ಒಂಟಿ. ಹೆಣ್ಣು ಮಣ್ಣಿನ ಬಿಲದಲ್ಲಿರುತ್ತದೆ. ಗಂಡುಗಳು ಮುಸ್ಸಂಜೆಗೆ ಒಣ ಕಡ್ಡಿಯನ್ನು ದವಡೆಯಲ್ಲಿ ಗಟ್ಟಿ ಕಚ್ಚಿಕೊಂಡು ಹಾಗೇ ನಿದ್ದೆ. ಕಾಲು ಆಧಾರವೂ ಬೇಕಿಲ್ಲ, ಮೈ ಗಾಳಿಯಲ್ಲಿ ಅಡ್ಡ ಚಾಚಿರುತ್ತದೆ. ಒಂದೇ ಕಡ್ಡಿಯಲ್ಲಿ ಸಾಲಾಗಿ ಹಲವು. ಹೊಟ್ಟೆಯ ಮೇಲಿನ ನೀಲಿ ಪಟ್ಟಿ, ಎದೆಯ ಕಂದು ರೋಮ, ಹಸಿರು ಕಣ್ಣು, ಎಲ್ಲ ಆರಾಮಾಗಿ ತೆಗೆಯಬಹುದು. ಒಂದೆರಡು ತೆಗೆದು ಬಿಟ್ಟುಬಿಡು. ಬದನೆ, ಟೊಮೆಟೊ ಹೂವನ್ನು ಝುಂಯ್ ಅಂತ ಅಲುಗಿಸಿ ಪರಾಗ ಉದುರಿಸುವುದು ಇಂಥ ಜೇನುಗಳೇ, ಅವುಗಳಿಗೆ ನಿದ್ದೆ ಬೇಕು.

ವಸಾಯಿ_ಹೊಸಬ

ಅರ್ಥ ಆಯಿತು ಸರ್. ಫ್ರಿಜ್ ವಿಷಯ ಬಿಟ್ಟೆ. ಸಂಜೆ ತುಳಸಿ ನೋಡುತ್ತೇನೆ.

ಮಾಟುಂಗದ_ಅತ್ತೆ

ಮಾಟುಂಗ, ದಾದರ್ ಕಡೆಯವರಿಗೆ ಹತ್ತಿರದಲ್ಲಿ ಎಲ್ಲಿ ಹೋಗಬಹುದು? ಮೊಮ್ಮಗಳನ್ನು ಕರೆದುಕೊಂಡು ಹೋಗಬೇಕು.

ಎಂಟು_ಕಾಲು

ಧಾರಾವಿ ಪಕ್ಕದ ಮಹಾರಾಷ್ಟ್ರ ನೇಚರ್ ಪಾರ್ಕ್ ಅತ್ತೆ. ಮಿಠಿ ನದಿ ದಡದಲ್ಲಿದೆ. ಒಂದು ಕಾಲಕ್ಕೆ ಕಸ ಸುರಿಯುವ ಜಾಗ, ಈಗ ದಟ್ಟ ಮರ. ಮಳೆ ಬಿದ್ದ ಮೇಲೆ ಹೋದರೆ ಒಂದೊಂದು ಎಲೆ ಕೆಳಗೂ ಏನಾದರೂ ಇರುತ್ತದೆ. ಠಾಣೆಯ ಘೋಡ್‌ಬಂದರ್ ರಸ್ತೆಯ ಓವಳೆಕರ್ ವಾಡಿ ಚಿಟ್ಟೆ ತೋಟವೂ ಚೆನ್ನ, ಹೋಗುವ ಮುಂಚೆ ಫೋನ್ ಮಾಡಿ ತೆರೆದಿದೆಯಾ ಕೇಳಿ. ಮುಂಬೈನ ಆರೆ ಕಾಡಿನ ಕಡೆ ಹೋಗುವವರು ಗುಂಪಿನಲ್ಲಿ ಹೋಗಿ, ಚಿರತೆ ಇದೆ. ಎಲ್ಲೇ ಆದರೂ ಮಂಡಿ ಊರುವ ಮೊದಲು ನೆಲ ನೋಡಿ. ಕೊಳಕು ಮಂಡಲ ಹಾವು ಒಣ ಎಲೆಯಲ್ಲಿ ಮಲಗಿದರೆ ಗೊತ್ತಾಗುವುದಿಲ್ಲ. ಮಳೆಗಾಲ ಮುಗಿದ ಮೇಲೆ ಮೈ ತುರಿಸುವ ನಸುಗುನ್ನಿ ಕಾಯಿ ಬಳ್ಳಿಯಿಂದಲೂ ದೂರ ಇರಿ.

ಫೋರ್ಟ್_ಗಲ್ಲಿ

ಮಳೆಗಾಲ ಅಂದಿರಲ್ಲ, ಅದಕ್ಕೆ ಒಂದು ಮಾತು. ಜೂನ್‌ನಿಂದ ಸೆಪ್ಟೆಂಬರ್ ಹುಳಗಳ ಹಬ್ಬ, ಫಂಗಸ್‌ಗೂ ಹಬ್ಬ. ಕ್ಯಾಮೆರಾವನ್ನು ಬ್ಯಾಗಿನಲ್ಲಿ ಬಿಡಬೇಡಿ, ಬ್ಯಾಗ್ ತೇವ ಹಿಡಿಯುತ್ತದೆ. ಗಾಳಿ ಹೋಗದ ಡಬ್ಬಿ, ಒಳಗೆ ಸಿಲಿಕಾ ಜೆಲ್, ತೇವ ತೋರಿಸುವ ಚಿಕ್ಕ ಮೀಟರ್. 40ರಿಂದ 50 ಪರ್ಸೆಂಟ್ ಇದ್ದರೆ ಸರಿ. ಅಕ್ಕಿಯಲ್ಲಿ ಹೂತಿಡುವವರಿದ್ದಾರೆ, ಅಕ್ಕಿ ಧೂಳು ಲೆನ್ಸಿಗೆ ಹೋಗುತ್ತದೆ, ಬೇಡ. ಎಸಿ ರೂಮಿನಿಂದ ನೇರ ಹೊರಗೆ ತಂದರೆ ಗಾಜಿನ ಮೇಲೆ ಹಬೆ ಕೂರುತ್ತದೆ, ಬ್ಯಾಗಿನಲ್ಲೇ ಸ್ವಲ್ಪ ಹೊತ್ತು ಬಿಡಿ.

ಡೊಂಬಿವಲಿ_ಬಾಲ್ಕನಿ

ಎಲ್ಲರಿಗೂ ತುಂಬ ಥ್ಯಾಂಕ್ಸ್. ಮಿಕ್ಸರ್ ಡಬ್ಬದ ಫೋಮ್ ಕಟ್ಟಿದೆ, ಜೂಮ್ 125, ಮ್ಯಾನುವಲ್, ಎಡಗೈಯಲ್ಲಿ ಕಡ್ಡಿ. ಅದೇ ಮಾವಿನ ಮರದ ಕೆಳಗೆ ಆ ಜೇಡ ಸಿಕ್ಕಿತು. ಹೊಸ ಫೋಟೋ ಹಾಕಿದ್ದೇನೆ. ಮುಂದಿನ ಎರಡು ಕಣ್ಣಿನ ಸುತ್ತ ಬಿಳಿ ರೋಮ ಕಾಣುತ್ತಿದೆ, ಕಣ್ಣಿನೊಳಗೆ ಫೋಮ್ ಹಾಳೆಯ ಪ್ರತಿಬಿಂಬವೂ ಇದೆ. ದವಡೆ ಮಾತ್ರ ಇನ್ನೂ ಮಂಜು.

ತಾಳ್ಜಾಯ್_ನಡಿಗೆ

ಬಹಳ ಚೆನ್ನಾಗಿದೆ! ಕಣ್ಣು ಶಾರ್ಪ್ ಇದ್ದರೆ ದವಡೆ ಮಂಜಾದರೂ ಪರವಾಗಿಲ್ಲ. ಅದೂ ಬೇಕು ಅಂದ್ರೆ ಪಕ್ಕದಿಂದ ತೆಗೆಯಿರಿ. ಇಲ್ಲವಾದರೆ ಮೈಯನ್ನು ಮುಂದಕ್ಕೆ ವಾಲಿಸುತ್ತಾ ಸಾಲಾಗಿ ಕೆಲವು ತೆಗೆದು ಕಂಪ್ಯೂಟರಿನಲ್ಲಿ ಸ್ಟ್ಯಾಕ್ ಮಾಡಿ, ಅಂದ್ರೆ ಶಾರ್ಪ್ ಭಾಗಗಳನ್ನೆಲ್ಲ ಒಂದೇ ಫೋಟೋಗೆ ಜೋಡಿಸಿ. ಹೆಲಿಕಾನ್ ಅಥವಾ ಝೆರೀನ್ ಸಾಫ್ಟ್‌ವೇರ್ ಕೈಯಲ್ಲಿ ತೆಗೆದ ಫೋಟೋಗಳನ್ನೂ ಹೊಂದಿಸುತ್ತದೆ.

ಎಂಟು_ಕಾಲು

ಬಾಲ್ಕನಿಯವರೇ, ಇದನ್ನು ಜೀವಿಗಳನ್ನು ಗುರುತಿಸುವ ಐನ್ಯಾಚುರಲಿಸ್ಟ್ ವೆಬ್‌ಸೈಟ್‌ಗೆ ಹಾಕಿ. ಮುಖದ ಫೋಟೋ ಒಂದೇ ಸಾಲದು. ಮೇಲಿನಿಂದ ಒಂದು, ಪಕ್ಕದಿಂದ ಒಂದು ಸೇರಿಸಿ, ಗುರುತಿಸುವವರಿಗೆ ಅದು ಬೇಕಾಗುತ್ತದೆ. ಊರು, ತಾರೀಕು, ಯಾವ ಗಿಡದ ಮೇಲೆ ಇತ್ತು ಅಂತಲೂ ಬರೆಯಿರಿ. ಹೆಣ್ಣು ಸಿಕ್ಕರೆ ಅದನ್ನೂ ತೆಗೆಯಿರಿ. ಅದಕ್ಕೆ ಉದ್ದ ದವಡೆ ಇಲ್ಲ, ಇನ್ನೂ ಇರುವೆಯದೇ ತದ್ರೂಪ. ಹುಡುಕುವುದು ಕಷ್ಟ, ಮರದ ಕಾಂಡದ ಮೇಲೆ ಇರುವೆ ಸಾಲಿನಿಂದ ಸ್ವಲ್ಪ ದೂರ ಒಂಟಿಯಾಗಿ ಓಡಾಡುವುದನ್ನು ನೋಡಿ.